ಬೆಟರ್ ಲೇಟ್ ಸಾಹೇಬನ ಬಾಯಿ

ಬಸ್ ಡಿಪೋದ ಟೈಮ್‌ಕೀಪರಿಗೆ ಇಂಗ್ಲಿಷ್ ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ಒಂದು ಮಾತನ್ನು ಮಾತ್ರ ಎಲ್ಲಿಂದಲೋ ಹಿಡಿದು ತಂದು ನಾಲಿಗೆಯ ತುದಿಗೆ ಕಟ್ಟಿಕೊಂಡಿದ್ದ: ‘ಬೆಟರ್ ಲೇಟ್ ದ್ಯಾನ್ ನೆವರ್.’ ಬಾರದೇ ಇರುವುದಕ್ಕಿಂತ ತಡವಾಗಿಯಾದರೂ ಬಂದದ್ದು ಮೇಲು ಎಂದು ಅದರ ಅರ್ಥ. ಒಳ್ಳೆಯ ಮಾತೇ. ಆದರೆ ಅವನು ಗೇಟಿನ ಪಕ್ಕದ ಗೂಡಿನಂಥ ಕೋಣೆಯಿಂದ ಕತ್ತು ಹೊರಚಾಚಿ, ಗಡಿಯಾರದ ಕಡೆ ಹುಬ್ಬು ಹಾರಿಸಿ, ಅದನ್ನು ಎಳೆದೆಳೆದು ಹೇಳಿದರೆ, ಟೈರ್ ಪಂಕ್ಚರಾಗಿ ಬೆವರಿಳಿಸಿಕೊಂಡು ಬಂದ ಡ್ರೈವರಿಗೆ ಮೈಯೆಲ್ಲ ಉರಿಯುತ್ತಿತ್ತು. ಬೆನ್ನ ಹಿಂದೆ ಎಲ್ಲರೂ ಅವನನ್ನು ಬೆಟರ್ ಲೇಟ್ ಸಾಹೇಬ ಎನ್ನುತ್ತಿದ್ದರು.

ಡಿಪೋದವರು ಪಾಳಿ ಮುಗಿದರೆ ಪಾರು. ಹೆಂಡತಿ ಎಲ್ಲಿಗೆ ಹೋಗಬೇಕು? ಅನ್ನ ಬೇಯುವುದು ತಡವಾದರೆ ಬೆಟರ್ ಲೇಟ್. ಮಗಳಿಗೆ ಹಲ್ಲು ಬರುವುದು ತಡವಾಗಿದ್ದಕ್ಕೆ, ಆ ಬೊಚ್ಚುಬಾಯಿ ಕೂಸಿಗೂ ಬೆಟರ್ ಲೇಟ್! “ನಿಮ್ಮ ನಾಲಿಗೆನ ಬಸ್ಸಿನ ಚಕ್ರದ ಕೆಳಗೆ ಇಡ್ಬೇಕು ನೋಡ್ರೀ,” ಎಂದು ಬೈದರೆ ಅವನಿಗೆ ನಗು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವೆಂದು ಅವಳು ಹಣೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದಳು.

ಸಹಿಸಲಾಗದ್ದು ಒಂದೇ. ಅತ್ತೆ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಗಂಡನ ಅಕ್ಕ ಬರುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಆಕೆ ಏದುಸಿರು ಬಿಡುತ್ತ ವಾರ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ತಾಯಿಯ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಅತ್ತು ಅತ್ತು ಕಣ್ಣು ಕೆಂಪಾಗಿದ್ದ ಈ ಮಹಾನುಭಾವ ತಲೆಯೆತ್ತಿ ಅಕ್ಕನನ್ನು ನೋಡಿದ. ಬಾಯಿಂದ ಬಂದದ್ದು ಅದೇ ಇಂಗ್ಲಿಷು. ಆಕೆ ಅಂದು ತಿರುಗಿಸಿದ ಮುಖವನ್ನು ಮತ್ತೆ ಈ ಕಡೆ ಮಾಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಒಳಗೊಳಗೇ ಕೊರಗಿದನೇನೋ ನಿಜ. ಹೋಗಿ ಕ್ಷಮೆ ಕೇಳಿ ಅಂದರೆ ಮಾತ್ರ ಬಾಯಿಗೆ ಬೀಗ.

ಈಗ ಅವನಿಗೆ ನಿವೃತ್ತಿಯಾಗಿ, ಹತ್ತಿರದವರಿಗೆಲ್ಲ ಮನೆಯಲ್ಲಿ ಊಟ ಎಂದಾಯಿತು. ಹೆಂಡತಿ ಅವನಿಗೆ ತಿಳಿಸದೆ ಅವನ ಅಕ್ಕನಿಗೆ ಫೋನ್ ಮಾಡಿ, ಕಾಡಿ ಬೇಡಿ ಒಪ್ಪಿಸಿದಳು. ಆಮೇಲೆ ಗಂಡನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

“ಅತ್ತಿಗೆ ಬರ್ತಾರೆ. ಎಷ್ಟೊತ್ತಿಗೇ ಬರ್ಲಿ, ಆ ಹಾಳು ಇಂಗ್ಲಿಷ್ ನಿಮ್ಮ ಬಾಯಿಂದ ಬಂತೋ, ಅವರ ಹಿಂದೇನೇ ನಾನೂ ಹೊರಟೆ ಅನ್ಕೊಳ್ಳಿ.”

ಅವನ ಮುಖ ಬಿಳಿಚಿಕೊಂಡಿತು. “ಬಾಯೇ ಬಿಡಲ್ಲ ಕಣೇ,” ಎಂದ.

ಊಟದ ದಿನ ಬಂದವರೆಲ್ಲ ಉಂಡು ಕೈ ತೊಳೆದು ಹೊರಟರೂ ಅಕ್ಕನ ಸುಳಿವಿಲ್ಲ. ಹೆಂಡತಿ ಒಂದು ತಟ್ಟೆ ಬಡಿಸಿ ಮುಚ್ಚಿಟ್ಟು, ಬಾಗಿಲಿಗೂ ಒಲೆಗೂ ಓಡಾಡಿ ಸುಸ್ತಾದಳು. ಕೊನೆಗೆ ಪಾತ್ರೆಗಳನ್ನು ತೊಳೆಯಲು ಹಾಕುವ ಹೊತ್ತಿಗೆ ಬಾಗಿಲಲ್ಲಿ ಅಕ್ಕ! ತಲೆ ಪೂರ್ತಿ ಬೆಳ್ಳಗಾಗಿತ್ತು. ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತು, “ಬಸ್ಸು ಕೆಟ್ಟೋಯ್ತು,” ಎಂದಳು, ತಮ್ಮನನ್ನೇ ನೋಡುತ್ತ.

ಟೈಮ್‌ಕೀಪರ್ ಎದ್ದ. ತುಟಿ ಬಿಗಿದುಕೊಂಡು ಗರ ಬಡಿದವನಂತೆ ನಿಂತ. ಬಾ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ. ಬಾಯಿ ತೆರೆದರೆ ಅದೇ ಹೊರಬೀಳುತ್ತದೆಂಬ ಭಯ. ಅಕ್ಕ ಅವನ ಹೆಂಡತಿಯ ಕಡೆ ತಿರುಗಿದಳು.

“ಅಮ್ಮನ ಕೊನೇ ಹೊತ್ತಿಗೆ ನಾನು ಬರ್ಲಿಲ್ಲ ಅನ್ನೋ ಕೋಪ ಇವನಿಗಿನ್ನೂ ಹೋಗಿಲ್ಲ. ನಾನು ಬರ್ಬಾರ್ದಿತ್ತು,” ಎಂದು ಮತ್ತೆ ಚಪ್ಪಲಿಗೆ ಕಾಲು ತೂರಿಸಿದಳು.

ಹೆಂಡತಿಯ ತಾಳ್ಮೆ ಅಲ್ಲಿಗೆ ಮುಗಿಯಿತು. ಆಡಬಾರದ ಕಡೆ ಆಡಿ, ಆಡಬೇಕಾದ ಕಡೆ ಮೂಕನಾಗುವ ಈ ಗಂಡಸಿನ ಜೊತೆ ಏಗುವುದಾದರೂ ಹೇಗೆ? ಕೈಲಿದ್ದ ಸೌಟನ್ನು ನೆಲಕ್ಕೆ ಕುಕ್ಕಿದಳು.

“ಏನಾದ್ರೂ ಬೊಗಳ್ರೀ! ಆ ಹಾಳು ಇಂಗ್ಲಿಷಾದ್ರೂ ಹೇಳಿ!”

“ಬೆಟರ್ ಲೇಟ್...” ಎಂದ ಅವನು. ಹುಬ್ಬು ಹಾರಲಿಲ್ಲ, ಕಣ್ಣು ಗಡಿಯಾರದ ಕಡೆ ಹೋಗಲಿಲ್ಲ. ಅರ್ಧದಲ್ಲೇ ದನಿ ಒಡೆಯಿತು. “ಅವತ್ತು ತಪ್ಪಾಯ್ತು ಕಣಕ್ಕಾ.”

ಅಕ್ಕ ಚಪ್ಪಲಿ ಕಳಚಿ ಒಳಗೆ ಬಂದು, ಅವನ ತಲೆಗೊಂದು ಮೊಟಕಿದಳು.

“ಇದೊಂದು ಮಾತಿಗೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ? ಆ ನಿನ್ನ ಇಂಗ್ಲಿಷ್‌ನ ಈಗ ನಿಂಗೆ ನಾನು ಹೇಳ್ಬೇಕು ಕಣೋ.”

“ಹೇಳಕ್ಕಾ,” ಎಂದು ಅವನು ತಲೆ ತಗ್ಗಿಸಿದ.