ಕಾಲು ಮೇಷ್ಟ್ರ ಸಂತೋಷ

ಕಳೆದುಹೋದ ಕಾಲಿನ ಜಾಗದಲ್ಲಿ ಇನ್ನೊಂದನ್ನು ಕಟ್ಟಿಕೊಡುವ ವಿದ್ಯೆಯಲ್ಲಿ ನಿಪುಣರಾದವರು ಹಲವರಿದ್ದಾರೆ; ಆ ಕಾಲಿನ ಮೇಲೆ ಎದ್ದುನಿಂತವರೊಡನೆ ತಾವೂ ಕುಣಿದಾಡುವಷ್ಟು ಸಂತೋಷಪಡುವವರು ವಿರಳ. ನಮ್ಮ ಆಸ್ಪತ್ರೆಯ ಕೃತಕ ಕಾಲು ವಿಭಾಗದಲ್ಲಿ ಮೂವತ್ತೇಳು ವರ್ಷ ಸೇವೆ ಸಲ್ಲಿಸಿ ಈಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯರು ಆ ವಿರಳರಲ್ಲಿ ಒಬ್ಬರು. ಸಹೋದ್ಯೋಗಿಗಳ ಬಾಯಲ್ಲಿ ಅವರು 'ಕಾಲು ಮೇಷ್ಟ್ರು'. "ಮುಕ್ಕಾಲು ಯಾವಾಗ ಆಗ್ತೀರಿ ಮೇಷ್ಟ್ರೇ?" ಎಂದು ಯಾರಾದರೂ ಕೆಣಕಿದರೆ, "ಮನೇಲಿ ಕೇಳಿ ನೋಡಿ, ಅಲ್ಲಿ ಕಾಲು ಅಂತಾನೂ ಒಪ್ಪಲ್ಲ" ಎಂದು ಎಲ್ಲರಿಗಿಂತ ಮೊದಲು ತಾವೇ ನಗುವರು.

ಇಪ್ಪತ್ತೆರಡು ವರ್ಷಗಳ ಹಿಂದೆ ತರಬೇತಿ ಮುಗಿಸಿ ಅವರ ಕೈಕೆಳಗೆ ಸೇರಿದಾಗ ಅವರ ಈ ಸಂತೋಷ ನನಗೆ ಹಿಡಿಸಿರಲಿಲ್ಲವೆಂದು ಇಲ್ಲಿ ಒಪ್ಪಿಕೊಳ್ಳಲೇಬೇಕು. ಗೋಡೆಯುದ್ದಕ್ಕೂ ತೂಗುವ ಚರ್ಮದ ಪಟ್ಟಿಗಳು, ನೆಲದ ತುಂಬ ಪ್ಲಾಸ್ಟರಿನ ಬಿಳಿಪುಡಿ, ಹೊರಗಿನ ಬೆಂಚಿನ ಮೇಲೆ ಬಾಡಿದ ಮುಖಗಳು. ಇಂಥ ಕಡೆ ಮೇಷ್ಟ್ರು ಬೆಳಿಗ್ಗೆ ಎಂಟಕ್ಕೆ ಬಂದು, ಮೇಜಿನ ಮುಂದೆ ಕಣ್ಣುಮುಚ್ಚಿ ಪ್ರಾರ್ಥಿಸಿ, ಚರ್ಚಿನ ಹಾಡೊಂದನ್ನು ಶಿಳ್ಳೆಯಲ್ಲಿ ನುಡಿಸುತ್ತ ಕೆಲಸ ಹಿಡಿಯುತ್ತಿದ್ದರು. ಒಂದು ದಿನ ತಡೆಯಲಾರದೆ ಕಾರಣ ಕೇಳಿಯೇಬಿಟ್ಟೆ.

"ನನ್ನನ್ನ ಪ್ರೀತಿಸೋನು ಒಬ್ಬ ಇದಾನೆ ಅಂತ ಎದ್ದ ತಕ್ಷಣ ನೆನಪಾಗತ್ತಮ್ಮ. ಆಮೇಲೆ ಮುಖ ಗಂಟು ಹಾಕ್ಕೊಳ್ಳೋಣ ಅಂದ್ರೂ ಆಗಲ್ಲ" ಎಂದರು.

ಅದೇ ವರ್ಷ, ಅಪಘಾತದಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡಿದ್ದ ಹೊಲಿಗೆಯ ಹೆಂಗಸೊಬ್ಬರು ಬಂದರು. ಶಿಳ್ಳೆಯಲ್ಲಿದ್ದ ಹಾಡಿನ ಗುರುತು ಹಿಡಿದು ಸಿಡಿದರು: "ದೇವರು ಪ್ರೀತಿ ಮಾಡ್ತಾನೆ ಅಂತ ಹಾಡ್ತೀರಲ್ಲ, ನನ್ನ ಕಾಲು ಯಾಕೆ ತಗೊಂಡ?"

ಮೇಷ್ಟ್ರು ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಗೊತ್ತಿಲ್ಲಮ್ಮ. ಗೊತ್ತಿರೋನ ಥರ ಸುಳ್ಳು ಹೇಳಲ್ಲ. ನಿಮಗೆ ಏನು ಮಾಡ್ಬೇಕು ಅಂತ ಆಸೆ, ಅದು ಹೇಳಿ."

"ಮಿಷನ್ ತುಳೀಬೇಕು."

ನಾವು ಮಾಡುತ್ತಿದ್ದ ಕಾಲಿನ ಪಾದ ನಡೆಯಲು ಸಾಕಾಗುತ್ತಿತ್ತು. ಹೊಲಿಗೆ ಯಂತ್ರ ತುಳಿಯುವಷ್ಟು ಬಾಗುತ್ತಿರಲಿಲ್ಲ. ಮರುದಿನವೇ ಮೇಷ್ಟ್ರು ಪತ್ನಿಯ ಹೊಲಿಗೆ ಯಂತ್ರವನ್ನು ಹೊತ್ತು ತಂದರು. ಪಾದ ಬಾಗದಂತೆ ತಮ್ಮ ಬಲಗಾಲಿಗೆ ಪ್ಲಾಸ್ಟರು ಸುತ್ತಿಸಿಕೊಂಡು, ತುಳಿತ ಎಲ್ಲಿ ತಪ್ಪುತ್ತದೆಂದು ಇಡೀ ಮಧ್ಯಾಹ್ನ ತುಳಿದು ನೋಡಿದರು. ಆರು ವಾರಗಳಲ್ಲಿ ಮೂರು ಪಾದ ಮಾಡಿದರು. ಮೂರೂ ಸೋತವು. ಮೂರನೆಯದನ್ನು ಆಕೆ ಕಿತ್ತೆಸೆದು, "ಬಿಟ್ಬಿಡಿ ಮೇಷ್ಟ್ರೇ, ಇದು ಆಗೋದಲ್ಲ" ಎಂದು ಅತ್ತುಬಿಟ್ಟರು.

ಮೇಷ್ಟ್ರು ಮೊಣಕಾಲೂರಿ ಅದನ್ನು ಎತ್ತಿಕೊಂಡರು. "ನಾನು ಬಿಡ್ತೀನಿ ಅಂದ್ರೂ ಈ ಕೆಲಸ ಕೊಟ್ಟೋನು ಬಿಡಲ್ಲಮ್ಮ. ಗುರುವಾರ ಬನ್ನಿ."

ಗುರುವಾರ ನಾಲ್ಕನೆಯ ಪಾದದ ತುಳಿತಕ್ಕೆ ಯಂತ್ರದ ಚಕ್ರ ತಿರುಗಿತು. ಚಿಂದಿ ಬಟ್ಟೆಯ ಮೇಲೆ ಸೊಟ್ಟಗೆ ಒಂದು ಹೊಲಿಗೆ ಓಡಿತು. "ಸ್ತೋತ್ರ!" ಎಂದು ಕೂಗಿ ಗಿರಕಿ ಹೊಡೆದ ಮೇಷ್ಟ್ರು ಪ್ಲಾಸ್ಟರಿನ ಬಕೆಟ್ಟಿನಲ್ಲಿ ಕಾಲಿಟ್ಟು, ದೊಪ್ಪನೆ ಬಿದ್ದು, ಪಾದ ಉಳುಕಿಸಿಕೊಂಡರು. ಹೊಲಿಗೆಯಮ್ಮ ಕೊರಳಲ್ಲಿದ್ದ ಟೇಪನ್ನು ತೆಗೆದು, "ಮೇಷ್ಟ್ರೇ, ಅಳತೆ ತಗೊಳ್ಳಲಾ?" ಎಂದರು. ತಿಂಗಳುಗಟ್ಟಲೆ ನಗದಿದ್ದ ಆ ಹೆಣ್ಣುಮಗಳು ಅಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೆಂಚಿನ ಮೇಲಿದ್ದವರೂ ನಕ್ಕರು. ಅಂದಿನಿಂದ ಆ ಶಿಳ್ಳೆ ನನಗೆ ಕಿರಿಕಿರಿಯೆನಿಸಲಿಲ್ಲ, ನಾನೂ ದನಿಗೂಡಿಸಿದ್ದುಂಟು.

ಎಂಟು ವರ್ಷಗಳ ಹಿಂದೆ ಮೇಷ್ಟ್ರ ಪತ್ನಿ ಹಾಸಿಗೆ ಹಿಡಿದಾಗ ಆ ಶಿಳ್ಳೆ ನಿಂತುಹೋಯಿತು. ಪ್ರಾರ್ಥನೆ ಮಾತ್ರ ನಿಲ್ಲಲಿಲ್ಲ. "ಸಂತೋಷ ಎಲ್ಲಿ ಹೋಯ್ತು ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದೆ. "ಇಲ್ಲೇ ಇದೆ. ಸದ್ದು ಮಾಡ್ತಿಲ್ಲ, ಅಷ್ಟೆ" ಎಂದರು. ಐದು ತಿಂಗಳು ಹೊಲಿಗೆಯಮ್ಮ ದಿನವೂ ಅವರ ಮನೆಗೆ ಹೋಗಿ ಅಡುಗೆ ಮಾಡಿಟ್ಟು ಬರುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಮೇಷ್ಟ್ರು ಓಡುತ್ತ ಬಂದು, "ಇವತ್ತು ನಮ್ಮವಳು ಕಾಫಿಗೆ ಸಕ್ಕರೆ ಹಾಕೋದೇ ಮರೆತಳು! ಅವಳೇ ಎದ್ದು ಮಾಡಿದ್ದು!" ಎಂದು ಬಾಗಿಲಲ್ಲೇ ಸಾರಿದರು. ಸಪ್ಪೆ ಕಾಫಿಗಾಗಿ ಅಷ್ಟು ಮನಸಾರೆ ದೇವರನ್ನು ಕೊಂಡಾಡಿದವರನ್ನು ನಾನು ಬೇರೆ ಕಂಡಿಲ್ಲ.

ಈ ಬೀಳ್ಕೊಡುಗೆಯ ಲೇಖನಕ್ಕಾಗಿ ಕೆಲವು ವಿವರ ಕೇಳಲು ಮೊನ್ನೆ ಅವರ ಮನೆಗೆ ಹೋಗಿದ್ದೆ. ನಿವೃತ್ತಿಯ ನಂತರ ಕಲಿಸಲು ಬನ್ನಿರೆಂದು ಎರಡು ಆಸ್ಪತ್ರೆಗಳಿಂದ ಕಾಗದಗಳು ಬಂದಿದ್ದವು. ಯಾವುದಕ್ಕೆ ಒಪ್ಪಬೇಕೆಂದು ಮೇಷ್ಟ್ರು ಗಹನವಾಗಿ ಯೋಚಿಸುತ್ತಿರುವಾಗ ಅವರ ಪತ್ನಿ ಒಳಗಿನಿಂದ ಬಂದು, "ಎರಡಕ್ಕೂ ಹೋಗಿ, ಬೇಡ ಅನ್ನಲ್ಲ. ಆದ್ರೆ ಇಷ್ಟು ವರ್ಷ ಎಲ್ಲರನ್ನೂ ನಡೆಸಿದ್ರಲ್ಲ, ಮೊದಲು ಆರು ತಿಂಗಳು ದಿನಾ ಸಂಜೆ ನನ್ನ ಜೊತೆ ನಡೀರಿ" ಎಂದರು. ಮೇಷ್ಟ್ರು ಕಾಗದಗಳನ್ನು ಮಡಿಸಿಟ್ಟು ಚಪ್ಪಲಿ ಹುಡುಕತೊಡಗಿದರು.

ಇಬ್ಬರಿಗೂ ಆಯುರಾರೋಗ್ಯವನ್ನು ಕರ್ತನು ಧಾರಾಳವಾಗಿ ದಯಪಾಲಿಸಲಿ. ಮೇಷ್ಟ್ರಿಂದ ಕಲಿಯಲು ಕಾದಿರುವವರು ಇನ್ನೊಂದು ಆರು ತಿಂಗಳು ಕಾಯಲಿ. ಆ ಸಂಜೆಯ ನಡಿಗೆ ಎಂದೂ ಬೇಗ ಮುಗಿಯದಿರಲಿ.