ಖಂಡೆ ಪೂಜೆಗೆ ಕೂತ ಹಾರ್ಡ್ ಡಿಸ್ಕ್

ನಮ್ಮ ಬಳಗದಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಅವ್ವ ಕಂಪ್ಯೂಟರಿಗೆ ಕುಂಕುಮ ಹಚ್ಚಿದಳು, ಕುಂಕುಮ ಒಳಗಿಳಿದು ಈರಪ್ಪ ಮಾಮಾನ ಅಕ್ಷರಗಳನ್ನೆಲ್ಲ ತಿಂದುಹಾಕಿತು, ಅದಕ್ಕೇ ನನ್ನ ಅಕ್ಕ ಶೋಭಾಳ ಲಗ್ನಪತ್ರಿಕೆ ಮನೆಯಲ್ಲಿ ಅಚ್ಚಾಗಲಿಲ್ಲ ಎಂದು. ಗೋವೆಯ ಸಾಂಗೆಯಲ್ಲಾಗಲಿ ಸಾಂಖಳಿಯಲ್ಲಾಗಲಿ ನಮ್ಮವರು ನಾಲ್ಕು ಮಂದಿ ಕೂಡಿದರೆ ಇದನ್ನು ಹೇಳಿ ನಗುತ್ತಾರೆ. ಅವ್ವನೂ ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಾಳೆ. ನನಗೆ ಮಾತ್ರ ನಗು ಬರುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಸವೆಸಿದ್ದರ ಫಲವಾಗಿ ನನಗೊಂದು ರೋಗ ಅಂಟಿದೆ. ಎಲ್ಲರೂ ಒಪ್ಪಿದ ಮಾತು ಕಿವಿಗೆ ಬಿದ್ದರೆ ಮೈ ತುರಿಸುತ್ತದೆ. ಅನ್ನ ಬೆಂದಿದೆ ಎಂದರೂ ಎದುರು ಪಕ್ಷದವರ ವಾದವೇನು ಎಂದು ಕೇಳುವವಳು ನಾನು.

ಮೊದಲು ಮಾಮಾನ ವಿಷಯ. ಅವ್ವನ ಬೆನ್ನಿಗೆ ಬಿದ್ದ ತಮ್ಮ, ಕುಂಕಳ್ಳಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿನ ಸೂಪರ್‌ವೈಸರ್ ತನ್ನ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರೊಂದನ್ನು "ಘೆ ರೇ ಈರಪ್ಪಾ, ಘರಾಂತ್ ಜಾಗೊ ನಾ" ಎಂದು, ಮನೆಯಲ್ಲಿ ಜಾಗವಿಲ್ಲವೆಂಬ ನೆಪದಲ್ಲಿ, ಇವನ ಕೈಗೆ ದಾಟಿಸಿದ್ದ. ಯಾವ ಕಾಲದಲ್ಲೋ ಗಲ್ಫಿನಿಂದ ಬಂದದ್ದು. ಕೀಲಿಮಣೆಯ ಹೊಟ್ಟೆಯಲ್ಲೇ ಇಡೀ ಯಂತ್ರ. ಟಿವಿಗೆ ಸಿಕ್ಕಿಸಿದರೆ ಕಣ್ಣು ಬಿಡುತ್ತಿತ್ತು. ಮಡಗಾಂವಿನಲ್ಲಿ ಓಣಿಗೊಂದು ಸೈಬರ್ ಕೆಫೆ ಎದ್ದಿದ್ದ ಹೊತ್ತಿನಲ್ಲಿ ನಮ್ಮ ಮನೆಗೆ ಈ ಮುತ್ತಜ್ಜ ಬಂದ.

ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಮಾಮಾ ಕಲಿಸಲು ಕೂತ. ಚುಕ್ಕೆಗೆ ಚುಕ್ಕೆ ಕೂಡಿಸಿ, ರಂಗೋಲಿ ಹಾಕಿದಂತೆ, ಒಂದೊಂದೇ ಅಕ್ಷರ ತಯಾರಾಯಿತು. ಪರೀಕ್ಷೆ ಅವ್ವನದು. ನಾಲ್ಕನೇ ಇಯತ್ತೆ ಓದಿದ ಅವ್ವ ಟಿವಿಯ ಮುಂದೆ ಕೂತು ತೀರ್ಪು ಕೊಡುತ್ತಿದ್ದಳು. "ಇದೇನೋ ತಮ್ಮಾ, ನಿನ್ನ 'ಭ' ಬಸುರಿ ಇದ್ದಂಗ ಐತಿ. ಆ 'ಳ' ನೋಡು, ಕುಡದು ಬಿದ್ದೈತಿ." ಮಾಮಾ ತಿದ್ದುತ್ತಿದ್ದ. ಶೋಭಕ್ಕನ ಸಂಬಂಧ ಕುದುರಿದಾಗ ಬೀಗರ ಮುಂದೆ ಎದೆಯುಬ್ಬಿಸಿ, "ಪತ್ರಿಕಾ ಹುಬ್ಬಳ್ಳಿಂದ ತರಸೂದು ಬ್ಯಾಡ್ರಿ, ನಮ್ಮ ಮನ್ಯಾಗ ಅಚ್ಚು ಹಾಕತೇನಿ" ಎಂದೂಬಿಟ್ಟ. ಮಾತು ಕೊಟ್ಟಾಗಿತ್ತು.

ಆದರೆ ಅಕ್ಷರಗಳನ್ನು ಇಡುವುದೆಲ್ಲಿ? ಫ್ಲಾಪಿಗಳಿಗೆ ಗೋವೆಯ ಮಳೆಗಾಲದಲ್ಲಿ ಉಪ್ಪಿನಕಾಯಿಗೆ ಬರುವಂಥದೇ ಬೂಷ್ಟು ಬಂದಿತ್ತು. ಮಾಮಾ ಗುಜರಿಯಿಂದ ಒಂದು ಹಾರ್ಡ್ ಡಿಸ್ಕ್ ತಂದ. ಇಟ್ಟಂಗಿಯಷ್ಟು ತೂಕ, ಹಿಟ್ಟಿನ ಗಿರಣಿಯಷ್ಟು ಸದ್ದು. ಬೆಸುಗೆ ಹಾಕಿ, ತಂತಿ ಅದಲು ಬದಲು ಮಾಡಿ, ಬೈದು, ಮುದ್ದಿಸಿ, ಕೊನೆಗೂ ಯಂತ್ರ ಅದನ್ನು ಗುರುತಿಸುವಂತೆ ಮಾಡಿದ. ಅದರ ಜೊತೆಗೆ ರ‍್ಯಾಮ್ ಡಿಸ್ಕ್ ಎಂಬುದನ್ನೂ ಕಟ್ಟಿದ. ಅದೊಂದು ಮಾಯೆ. ಇಲ್ಲದ ಡಿಸ್ಕನ್ನು ಇದೆ ಎಂದು ಯಂತ್ರಕ್ಕೆ ನಂಬಿಸುವುದು. ಅದರ ನೆನಪಿನ ಒಂದು ಪಾಲನ್ನೇ ಉಗ್ರಾಣವೆಂದು ಬಳಸುವುದು. ಸದ್ದಿಲ್ಲ, ಮಿಂಚಿನ ವೇಗ. ಕರೆಂಟು ಹೋದರೆ ಮಾತ್ರ ಸರ್ವವೂ ಶೂನ್ಯ. ನನಗೆ ತಿಳಿಯದಿದ್ದಾಗ ಮಾಮಾ ಹೇಳಿದ: "ಹಾರ್ಡ್ ಡಿಸ್ಕ್ ಅಂದ್ರ ಹಗೇವು. ಕಾಳು ಹಾಕಿ ಮುಚ್ಚಿದ್ರ ವರ್ಷಗಟ್ಟಲೆ ಇರತೈತಿ. ರ‍್ಯಾಮ್ ಡಿಸ್ಕ್ ಅಂದ್ರ ಉಡಿ. ಕೈಗೆ ಲಗೂನ ಸಿಗತೈತಿ ಖರೆ, ಎದ್ದು ನಿಂತ್ರ ಚೆಲ್ಲತೈತಿ." ಇದಕ್ಕಿಂತ ಚಲೋ ವಿವರಣೆಯನ್ನು ನಾನು ಇಂದಿಗೂ ಕೇಳಿಲ್ಲ. ಕೊಟ್ಟವನೇ ಅದನ್ನು ಮರೆತ, ಅದು ಬೇರೆ ಮಾತು.

ಅಷ್ಟರಲ್ಲಿ ಮಹಾನವಮಿ ಬಂತು. ನಮ್ಮಲ್ಲಿ ಅಂದು ಖಂಡೆ ಪೂಜೆ. ದುಡಿಯುವ ಹತಾರಗಳನ್ನೆಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ ಕೂಡಿಸಬೇಕು. ಬನ್ನಿ ಮುಡಿಯುವ ತನಕ ಮುಟ್ಟಬಾರದು. ಅಪ್ಪ ಗೌಂಡಿ, ಗೋಡೆ ಕಟ್ಟುವವನು. ಅವನ ಥಾಪಿ, ರಂಧಾ, ಗುಂಡು ಕೂತವು. ನನ್ನ ಚರ್ಚಾಸ್ಪರ್ಧೆಯ ಕಪ್ಪನ್ನೂ ಇಟ್ಟ ಅವ್ವ, "ಖರೇ ಅಂದ್ರ ನಿನ್ನ ನಾಲಗಿನ ಇಡಬೇಕಿತ್ತು ಬೇ, ಒಂದ ದಿನಾನರ ಸೂಟಿ ಸಿಗತಿತ್ತು" ಎಂದಳು. ಕಂಪ್ಯೂಟರ್ ಕೂಡ ಬರಲಿ ಎಂಬುದು ಅವಳ ಹಟ. ಮಾಮಾ ರಾಜಿ ಮಾಡಿದ: "ಇದರ ಜೀವಾ ಹಾರ್ಡ್ ಡಿಸ್ಕಿನ್ಯಾಗ ಐತಿ ಯಕ್ಕಾ, ಅದನ್ನಷ್ಟ ಕುಂದರಸು."

ಇಲ್ಲಿಯವರೆಗೂ ಸರಿ. ಆದರೆ ಹತಾರವನ್ನು ತೊಳೆಯದೆ ಪೂಜೆಗೆ ಇಡುವಂತಿಲ್ಲವಲ್ಲ! ಹೊರಗೆ ಅರಿವೆಯಿಂದ ಒರೆಸಿದ ಮಾಮಾ ಒಳಗೂ ಸ್ವಚ್ಛವಾಗಲಿ ಎಂದು ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ. ಜಗತ್ತಿನಲ್ಲಿ ಡಿಸ್ಕನ್ನು ನಾನಾ ಕಾರಣಕ್ಕೆ ಅಳಿಸಿದವರಿದ್ದಾರು. ಮಡಿಗಾಗಿ ಅಳಿಸಿದವನು ನಮ್ಮ ಮಾಮಾ ಒಬ್ಬನೇ ಇರಬೇಕು. ಅದಕ್ಕೂ ಮೊದಲು ಅಕ್ಷರಗಳನ್ನೆಲ್ಲ ಎತ್ತಿ ರ‍್ಯಾಮ್ ಡಿಸ್ಕಿಗೆ ಹಾಕಿದ್ದ. ಅಂದರೆ ಹಗೇವು ಬರಿದು ಮಾಡಿ ಕಾಳನ್ನೆಲ್ಲ ಉಡಿಗೆ ಸುರುವಿದ್ದ. ಕರೆಂಟು ಹೋದೀತೆಂದು ಗೆಳೆಯನ ಹತ್ತಿರ ಯುಪಿಎಸ್ ತಂದು ಸಿಕ್ಕಿಸಿದ. ಟಿವಿ ಆರಿಸಿದ, ಯಂತ್ರವನ್ನು ಮಾತ್ರ ಚಾಲೂ ಬಿಟ್ಟ. ವಿದ್ಯುತ್ ಇಲಾಖೆಯನ್ನು ಎದುರಿಸಲು ಅವನು ಸಕಲ ರೀತಿಯಿಂದಲೂ ಸಿದ್ಧನಾಗಿದ್ದ. ಅಕ್ಕನನ್ನು ಎದುರಿಸಲು ಆಗಿರಲಿಲ್ಲ.

ಸಂಜೆ ಅವ್ವ ಆರತಿ ಹಿಡಿದು ಹೊಲಿಗೆ ಮಷೀನು, ಸೈಕಲ್ಲು, ಗ್ಯಾಸಿನ ಒಲೆ ಎಲ್ಲಕ್ಕೂ ಬೆಳಗುತ್ತ ಬಂದಳು. ಕತ್ತಲೆಯ ಮೂಲೆಯಲ್ಲಿ ಯಂತ್ರದ ಕೆಂಪು ದೀಪ ಉರಿಯುತ್ತಿತ್ತು. "ಎಲ್ಲಾರಿಗೂ ಸೂಟಿ, ಇದೊಂದ ದುಡ್ಯಾಕತ್ತೈತಿ ಪಾಪ" ಎಂದು ಗೋಡೆಯ ಸ್ವಿಚ್ ಆರಿಸಿದಳು. ಯುಪಿಎಸ್ ಕುಂಯ್ ಕುಂಯ್ ಎಂದು ಅಳತೊಡಗಿತು. ಅಳುವ ಕೂಸನ್ನು ತಟ್ಟುವಂತೆ ತಡವಿ ಅದರ ಗುಂಡಿಯನ್ನೂ ಹುಡುಕಿ ಒತ್ತಿದಳು. ಮನೆ ಶಾಂತವಾಯಿತು.

ಮರುದಿನ ಬನ್ನಿ ಮುಡಿದು ಬಂದು ಮಾಮಾ ಯಂತ್ರ ಹಚ್ಚಿದ. ಕನ್ನಡವೆಂಬುದು ಅಲ್ಲಿ ಎಂದೂ ಇರಲೇ ಇಲ್ಲವೆಂಬಂತೆ ಅದು ಕಣ್ಣು ಮಿಟುಕಿಸಿತು. ಅವ್ವ ಹಣೆ ಬಡಿದುಕೊಂಡಳು. "ನಾ ಮುಟ್ಟಬಾರದಿತ್ತೋ ತಮ್ಮಾ." ಮಾಮಾ ಅವಳ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟಿ, "ಹೋಗ್ಲಿ ಬಿಡ ಯಕ್ಕಾ, ಬಂಗಾರದಂಗ ಇರೂಣು" ಎಂದ. ಎಲ್ಲರೂ ಅವನ ದೊಡ್ಡ ಮನಸ್ಸನ್ನು ಹೊಗಳಿದರು. ಪತ್ರಿಕೆ ಹುಬ್ಬಳ್ಳಿಯಿಂದಲೇ ಬಂತು. ಕಾರಣ ಕೇಳಿದ ಬೀಗರಿಗೆ ಯಾರೋ ಕುಂಕುಮದ ಕಥೆ ಹೇಳಿದರು. ಅವ್ವನನ್ನು ತೋರಿಸಿ ನಗೆ ಎದ್ದಿತು.

ಈಗ ನನ್ನ ವಾದ. ಕಾಗೆ ಕೂತದ್ದಕ್ಕೇ ಟೊಂಗೆ ಮುರಿಯಿತು ಎನ್ನುವವರ ಬಗ್ಗೆ ನಮ್ಮ ಹಿರಿಯರು ಒಂದು ನ್ಯಾಯವನ್ನೇ ಮಾಡಿಟ್ಟಿದ್ದಾರೆ. ಕುಂಕುಮ ಬಿದ್ದದ್ದು ಹಾರ್ಡ್ ಡಿಸ್ಕಿನ ಮೇಲೆ. ಅದು ಆಮೇಲೂ ಗಿರಣಿಯಂತೆ ತಿರುಗಿತು. ಖಾಲಿ ಹೋಗಿತ್ತು, ಖಾಲಿ ಬಂತು. ಹಾಗಾದರೆ ಕುಂಕುಮ ಖುಲಾಸೆ. ಉಳಿದದ್ದು ಅವ್ವನ ಬೆರಳು. ಆ ಬೆರಳಿಗೆ ತಾನು ಏನನ್ನು ಆರಿಸುತ್ತಿದ್ದೇನೆಂದು ಯಾರು ಹೇಳಿದ್ದರು? ಜೀವವೆಲ್ಲ ಪೂಜೆಯಲ್ಲಿದೆ ಎಂದು ಅವಳನ್ನು ನಂಬಿಸಿದವರಾರು?

ವಾದ ಗೆದ್ದೆನೆಂದು ಬೀಗುತ್ತಿಲ್ಲ. ನಮ್ಮ ಮನೆಯಲ್ಲಿ ಗೆದ್ದ ವಾದಕ್ಕೆ ಬೆಲೆಯೂ ಇಲ್ಲ, ಕಪ್ಪೂ ಇಲ್ಲ. ನನ್ನನ್ನು ಕಾಡುವುದು ಬೇರೆ. ಅಂದಿನಿಂದ ಅವ್ವ ತನ್ನ ಮನೆಯಲ್ಲೇ ಫ್ಯಾನು ಆರಿಸುವ ಮೊದಲು ಬೋರ್ಡಿನ ಮುಂದೆ ಕೈ ಎತ್ತಿ ನಿಲ್ಲುತ್ತಾಳೆ. "ಆರಸಲೇನ?" ಎಂದು ಕೇಳುತ್ತಾಳೆ. ಖೋಲಿಯಲ್ಲಿ ಯಾರೂ ಇಲ್ಲದಾಗಲೂ ಕೇಳುತ್ತಾಳೆ.

ಮೊನ್ನೆ ಮಾಮಾ ಬಂದಿದ್ದ. ಹೊಸ ಬೀಗರೊಬ್ಬರ ಮುಂದೆ ಕುಂಕುಮದ ಕಥೆ ಮತ್ತೆ ಶುರುವಾಯಿತು. ಅವ್ವನ ಸೆರಗು ಬಾಯಿಗೆ ಹೋಯಿತು. ನಾನು ಕಥೆಯನ್ನು ಅರ್ಧಕ್ಕೇ ತಡೆದು ಕೇಳಿದೆ:

"ಮಾಮಾ, 'ಅ'ದಿಂದ 'ಳ'ದ ತನಕ ಎಲ್ಲಾ ಅಕ್ಷರಾ ನೀ ಮಾಡಿದಿ. ಎಲ್ಲಾನೂ ಅವ್ವನ ಕಡೆ ಓದಿಸಿದಿ. ಆ ಗುಂಡಿ ಮ್ಯಾಲ 'ಆರಿಸಬ್ಯಾಡ' ಅಂತ ಬರದು ಹಚ್ಚಾಕ ನಿನಗ ಐದು ಅಕ್ಷರಾ ಸಿಗಲಿಲ್ಲೇನು?"