ಮೇಣದ ಹೃದಯಗಳ ಕಾವಲುಗಿತ್ತಿ

ಯಾಶ್ ನಗರದ ವೈದ್ಯಕೀಯ ಕಾಲೇಜಿನಲ್ಲಿ, ಗರ್ಭದೊಳಗೆ ಹೃದಯ ಬೆಳೆಯುವ ಬಗೆಯನ್ನು ತೋರಿಸುವ ಮೇಣದ ಮಾದರಿಗಳಿಗೆ ಝೆನೋವಿಯಾಳ ಕಾವಲು. ಅವಳಿಗೆ ಯಾರ ಮೇಲೂ ನಂಬಿಕೆಯಿಲ್ಲ. ಬಿಸಿಲು ಇಣುಕಿದರೂ ಮೇಣ ಕರಗಿಸಲು ಬಂದ ಕಳ್ಳನೆಂದು ಪರದೆ ಎಳೆಯುತ್ತಾಳೆ, ಇಪ್ಪತ್ತು ವರ್ಷದಿಂದ ಬಲ್ಲ ಪ್ರಾಧ್ಯಾಪಕರ ಬಳಿಯೂ ಗುರುತಿನ ಚೀಟಿ ಕೇಳುತ್ತಾಳೆ. ವಿದ್ಯಾರ್ಥಿಗಳ ಕೈ ಮೂಸಿ, "ಪ್ಲಮ್ ಕಡುಬು ತಿಂದ ಕೈಲಿ ಇಪ್ಪತ್ತೆರಡನೇ ದಿನದ ಹೃದಯಾನ ಮುಟ್ಟಿದ್ದು ನೀನೇ ತಾನೆ?" ಎಂದು ಗದರುತ್ತಾಳೆ. ಆ ದಿನದ ಹೃದಯವೆಂದರೆ ಆಗತಾನೆ ಮಿಡಿಯತೊಡಗಿದ ಒಂದು ಕೊಳವೆ. ಮುಂದೆ ಅದು ಬಾಗಿ, ಮಡಚಿಕೊಂಡು, ಒಳಗೆ ಗೋಡೆ ಎಬ್ಬಿಸಿಕೊಳ್ಳುತ್ತದೆ. ಪರೀಕ್ಷೆಯ ಹಿಂದಿನ ದಿನ ವಿದ್ಯಾರ್ಥಿನಿ ಇಲಿಂಕಾ ಮಾದರಿಗಳ ಮುಂದೆ ನಿಂತು, "ಏಳನೇ ವಾರದ ಹೊತ್ತಿಗೆ ನಡುಗೋಡೆ ಪೂರ್ತಿ ಮುಚ್ಚಿಕೊಳ್ಳುತ್ತೆ" ಎಂದು ಉರುಹೊಡೆಯುತ್ತಿದ್ದಳು. "ಯಾರೇ ನೋಡ್ಕೊಂಡು ಬಂದಿದ್ದು?" ಎಂದಳು ಝೆನೋವಿಯಾ. "ಪುಸ್ತಕದಲ್ಲಿದೆಯಲ್ಲ, ಆಂಟಿ." "ಪುಸ್ತಕವಂತೆ!" ಎಂದು ಮೂಗು ಮುರಿದು, ಹುಡುಗಿಯ ಕೊರಳಲ್ಲಿದ್ದ ಸ್ಟೆತಸ್ಕೋಪನ್ನು ಅವಳ ಕಿವಿಗೆ ಸಿಕ್ಕಿಸಿ, ಅದರ ತುದಿಯನ್ನು ತನ್ನ ಎದೆಗೆ ಒತ್ತಿಕೊಂಡಳು. ಪ್ರತಿ ಬಡಿತದಲ್ಲೂ ಸಣ್ಣ ತೂತಿನಿಂದ ನೀರು ನುಗ್ಗುವಂಥ ಸದ್ದು. "ನಂದು ಮುಚ್ಚಲೇ ಇಲ್ಲ ಮಗಳೇ. ಯಾರ ಹತ್ರಾನಾದ್ರೂ ಬಾಯಿಬಿಟ್ಟೀಯ, ಹುಷಾರು! ಮೆಟ್ಟಿಲು ಹತ್ತಬಾರದು ಅಂತ ನನ್ನನ್ನ ಮನೆಗೆ ಕಳಿಸಿಬಿಡ್ತಾರೆ." ಮರುದಿನ ಇಲಿಂಕಾ ಉತ್ತರಪತ್ರಿಕೆಯಲ್ಲಿ, 'ನಡುಗೋಡೆ ಹೆಚ್ಚಿನವರಲ್ಲಿ ಮುಚ್ಚಿಕೊಳ್ಳುತ್ತದೆ' ಎಂದು ಬರೆದಳು. ಉಳಿದವರು ಯಾರೆಂದು ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಎಷ್ಟು ಕೆದಕಿದರೂ ಅವಳು ತುಟಿ ಬಿಚ್ಚಲಿಲ್ಲ.